ಸ್ಟೆಂಟ್ ಹಾಕಿ ಮನೆಗೆ ಕಳಿಸಿದರೆ ಮುಗಿಯಿತೇ?

ಪುನರ್ವಸತಿ. ಅಂಕೋಲಾ-ಕಾರವಾರದ ಕಡೆ ಯಾರ ಹತ್ತಿರವಾದರೂ ಈ ಶಬ್ದ ಹೇಳಿ ನೋಡಿ. ತಕ್ಷಣ ಬರುವ ಉತ್ತರ ಒಂದೇ: ಸೀಬರ್ಡ್.

1986ರಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಆಮೇಲೆ ಸಾವಿರಾರು ಕುಟುಂಬಗಳು ಸಮುದ್ರದ ದಂಡೆ ಬಿಟ್ಟು ಎದ್ದವು. ತೋಡೂರು, ಹಾರವಾಡದಂಥ ಕಡೆ ಕಾಲೊನಿಗಳಾದವು. ಸೈಟು ಕೊಟ್ಟರು, ಕಾಗದ ಕೊಟ್ಟರು, ಪರಿಹಾರದ ಲೆಕ್ಕ ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಎಳೆಯಿತು. ಅಲ್ಲಿನ ಹಿರಿಯರನ್ನು ಮಾತಾಡಿಸಿದರೆ ಅವರು ಹೇಳುವುದು ಇಷ್ಟೇ: ಜಾಗ ಕೊಟ್ಟರೆ ಪುನರ್ವಸತಿ ಆಗುವುದಿಲ್ಲ, ಬದುಕು ಮೊದಲಿನಂತೆ ನಡೆಯಬೇಕು, ಆಗ ಅದು ಪುನರ್ವಸತಿ.

ಈ ಮಾತನ್ನು ಇವತ್ತು ನಾವು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದೇವೆ.

ಹಾರ್ಟ್ ಅಟ್ಯಾಕ್ ಆದವರಿಗೆ, ಬೈಪಾಸ್ ಆದವರಿಗೆ, ನ್ಯುಮೋನಿಯಾ ಆಗಿ ಐಸಿಯುನಲ್ಲಿ ದಿನಗಟ್ಟಲೆ ಮಲಗಿ ಬಂದವರಿಗೆ, ಟಿ.ಬಿ. ವಾಸಿಯಾದರೂ ಉಸಿರು ಹಿಡಿಯುವವರಿಗೆ ಒಂದು ಚಿಕಿತ್ಸೆ ಇದೆ. ಅದರ ಹೆಸರೂ ರಿಹ್ಯಾಬಿಲಿಟೇಶನ್ನೇ. ವೈದ್ಯಕೀಯ ಕನ್ನಡದಲ್ಲಿ ಪುನಶ್ಚೇತನ ಅನ್ನುತ್ತಾರೆ. ಜೀವ ಉಳಿದ ಮನುಷ್ಯನನ್ನು ಮತ್ತೆ ಬದುಕಿಗೆ ತರುವ ಕೆಲಸ ಅದು. ನಮ್ಮ ಜಿಲ್ಲೆಯ ಆಸ್ಪತ್ರೆ ಹೋರಾಟದಲ್ಲಿ, ಭಾಷಣದಲ್ಲಿ, ಮನವಿ ಪತ್ರದಲ್ಲಿ ಎಲ್ಲೂ ಈ ಹೆಸರು ಕೇಳಿಸುವುದಿಲ್ಲ. ಕೇಳಿಸಬೇಕು ಅನ್ನುವುದೇ ಈ ಬರಹದ ತಕರಾರು.

ಎರಡು ಮನೆ, ಒಂದೇ ಕಥೆ

ನಮ್ಮ ಬಳಗದ ಒಬ್ಬರ ದೊಡ್ಡಪ್ಪ. ಕೇಣಿ ಕಡೆಯವರು, ದೋಣಿ ಕೆಲಸ, ವಯಸ್ಸು ಐವತ್ತೆರಡು. ಒಂದು ರಾತ್ರಿ ಎದೆ ಹಿಂಡಿತು. ಬಾಡಿಗೆ ಗಾಡಿ ಮಾಡಿಕೊಂಡು ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದರು. ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಡಾಕ್ಟರರಿಗೆ, ನರ್ಸುಗಳಿಗೆ ಕೈ ಮುಗಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ನಾಲ್ಕು ದಿನಕ್ಕೆ ಡಿಸ್ಚಾರ್ಜ್. ಕೈಗೆ ಒಂದು ಚೀಲ ಮಾತ್ರೆ, ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ. ಬಾಯಿಮಾತಿನಲ್ಲಿ ಮೂರು ವಾಕ್ಯ: ರೆಸ್ಟ್ ಮಾಡಿ, ಭಾರ ಎತ್ತಬೇಡಿ, ತಿಂಗಳು ಬಿಟ್ಟು ಬನ್ನಿ.

ಎಷ್ಟು ದಿನ ರೆಸ್ಟು? ಎಷ್ಟು ಭಾರ? ಮೆಟ್ಟಿಲು ಹತ್ತಬಹುದೇ? ಯಾರೂ ಹೇಳಲಿಲ್ಲ, ಇವರಿಗೆ ಕೇಳಬೇಕು ಅಂತಲೂ ತಿಳಿಯಲಿಲ್ಲ. ಮನೆಯವರು ಎದುರಿನ ಕೋಣೆಯಲ್ಲಿ ಮಂಚ ಹಾಕಿದರು. "ನೀವ್ ಏಳೂದ್ ಬ್ಯಾಡ, ನಾನೇ ನೀರ್ ತಂದ್ಕೊಡ್ತೆ" ಅಂತ ದೊಡ್ಡಮ್ಮ. ನೋಡಲು ಬಂದವರೆಲ್ಲ "ಆರಾಮ ಮಲ್ಗಿ, ಹಾರ್ಟಿನ ಕೇಸು" ಅಂದರು. ಮೂರು ತಿಂಗಳು ಹಾಗೇ ಕಳೆಯಿತು. ತೊಡೆ ಬಡಿಗೆಯಂತಾಯಿತು. ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಏದುಸಿರು ಬಂದರೆ ಹೆದರಿಕೆ, ಹೆದರಿಕೆಗೆ ಮತ್ತೆ ಮಂಚ. "ಎದೆ ಡಬ್ ಡಬ್ ಅಂದ್ರ್ ಸಾಕು, ಹೋಯ್ತು ನನ್ ಕತೆ ಅಂದ್ಕಂತೆ" ಅಂತ ಅವರೇ ಹೇಳಿದ್ದು. ದೋಣಿಯಲ್ಲಿದ್ದ ಪಾಲು ಬಿಟ್ಟುಕೊಟ್ಟರು. ಈಗ ದೊಡ್ಡಮ್ಮ ಬೆಳಗಿನ ಜಾವ ಬಂದರಿಗೆ ಮೀನು ಆರಿಸಲು ಹೋಗುತ್ತಾರೆ.

ಇನ್ನೊಂದು ಮನೆ ಘಟ್ಟದ ಬುಡದಲ್ಲಿ. ನಲವತ್ತರ ಆಚೀಚಿನ ಅಕ್ಕ. ಜ್ವರ ನ್ಯುಮೋನಿಯಾಕ್ಕೆ ತಿರುಗಿ ಹನ್ನೆರಡು ದಿನ ಐಸಿಯು, ಅದರಲ್ಲಿ ಒಂದಿಷ್ಟು ದಿನ ವೆಂಟಿಲೇಟರ್. ಮನೆಗೆ ಬಂದ ವಾರದೊಳಗೆ ಒಲೆಯ ಮುಂದೆ. ಕಟ್ಟಿಗೆ ಹೊಗೆ, ಬಾವಿ ನೀರು, ಕೊಟ್ಟಿಗೆ. ಒಂದು ಕೊಡ ಎತ್ತಿದರೆ ಕಣ್ಣು ಕತ್ತಲೆ. ಮನೆಯಲ್ಲಿ ಮಾತು ಶುರುವಾಯಿತು: "ರಿಪೋರ್ಟ್ ನಾರ್ಮಲ್ ಬಂದೈತಲ್ಲ, ಮತ್ತೆಂತಕ್ಕೆ ಕೂತ್ಕಂಡೇ ಇರ್ತದೆ ಇದು?"

ನೋಡಿ. ದೊಡ್ಡಪ್ಪನಿಗೆ ಏಳಲು ಬಿಡಲಿಲ್ಲ. ಅಕ್ಕನಿಗೆ ಕೂರಲು ಬಿಡಲಿಲ್ಲ. ಒಂದು ಕಡೆ ಪ್ರೀತಿ, ಇನ್ನೊಂದು ಕಡೆ ಅಸಡ್ಡೆ. ಇಬ್ಬರಿಗೂ ಬೇಕಾಗಿದ್ದು ಒಂದೇ: ಇವತ್ತು ಎಷ್ಟು, ನಾಳೆ ಎಷ್ಟು, ಮುಂದಿನ ವಾರ ಎಷ್ಟು ಅಂತ ಅಳೆದು ಹೇಳುವ ಒಬ್ಬ ಮನುಷ್ಯ. ಆ ಮನುಷ್ಯ ನಮ್ಮ ತಾಲ್ಲೂಕಿನ ಬಡವರ ಕೈಗೆ ಸಿಗುವ ಕಡೆ ಇಲ್ಲ.

ಮಲಗಿದರೆ ವಾಸಿಯಾಗುತ್ತದೆ ಎಂಬ ಹಳೆಯ ನಂಬಿಕೆ

ಈ ನಂಬಿಕೆ ನಮ್ಮ ಹಳ್ಳಿಯವರದ್ದು ಮಾತ್ರ ಅಲ್ಲ. ಒಂದು ಕಾಲಕ್ಕೆ ಅಮೆರಿಕದ ದೊಡ್ಡ ದೊಡ್ಡ ಡಾಕ್ಟರರೂ ಹಾರ್ಟ್ ಅಟ್ಯಾಕ್ ಆದವರನ್ನು ಆರು ವಾರ ಹಾಸಿಗೆ ಬಿಟ್ಟು ಏಳಲು ಬಿಡುತ್ತಿರಲಿಲ್ಲ. 1952ರಲ್ಲಿ ಸ್ಯಾಮ್ಯುವೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ಇಬ್ಬರು ವೈದ್ಯರು ರೋಗಿಗಳನ್ನು ಬೇಗ ಎಬ್ಬಿಸಿ ಆರಾಮ ಕುರ್ಚಿಯಲ್ಲಿ ಕೂರಿಸಿದರು. ಆ ಕಾಲಕ್ಕೆ ಅದು ದುಸ್ಸಾಹಸ. ಆದರೆ ಕುರ್ಚಿಯಲ್ಲಿ ಕೂತವರು ಚೇತರಿಸಿಕೊಂಡರು. ಅಲ್ಲಿಂದ ವೈದ್ಯಶಾಸ್ತ್ರದ ದಿಕ್ಕೇ ಬದಲಾಯಿತು.

ಯಾಕೆ ಹೀಗೆ? ಹೃದಯವೂ ಸ್ನಾಯು, ಕಾಲೂ ಸ್ನಾಯು. ಕಾಲಿನ ಸ್ನಾಯು ಗಟ್ಟಿ ಇದ್ದರೆ ಬಂದ ರಕ್ತದಿಂದ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಹೃದಯಕ್ಕೆ ಹೊರೆ ಕಮ್ಮಿ. ಕಾಲು ಸೊರಗಿದರೆ ಅದೇ ನಾಲ್ಕು ಹೆಜ್ಜೆಗೆ ಹೃದಯ ಹೆಚ್ಚು ಹೊಡೆದುಕೊಳ್ಳಬೇಕು. ಶ್ವಾಸಕೋಶದ ರೋಗಿಗೂ ಇದೇ ಲೆಕ್ಕ. ಶ್ವಾಸಕೋಶಕ್ಕೆ ಆದ ಗಾಯ ಪೂರ್ತಿ ಮಾಯದೆ ಇರಬಹುದು, ಆದರೆ ಕಾಲು ಮತ್ತು ಉಸಿರಾಟದ ಸ್ನಾಯುಗಳನ್ನು ಪಳಗಿಸಿದರೆ ಇರುವ ಉಸಿರಿನಲ್ಲೇ ಹೆಚ್ಚು ದೂರ ನಡೆಯಬಹುದು.

ಐಸಿಯುನಲ್ಲಿ ಮಲಗಿದವರ ಸ್ಥಿತಿ ಇನ್ನೂ ಕಷ್ಟ. ಲಂಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೀವ್ರ ಕಾಯಿಲೆಯವರ ತೊಡೆಯ ಒಂದು ಮುಖ್ಯ ಸ್ನಾಯು ಹತ್ತೇ ದಿನದಲ್ಲಿ ಸುಮಾರು ಆರನೇ ಒಂದು ಪಾಲು ಕರಗಿತ್ತು. ರಕ್ತದ ರಿಪೋರ್ಟು ನಾರ್ಮಲ್ ಬಂದರೂ ಆ ಅಕ್ಕನಿಗೆ ಕೊಡ ಎತ್ತಲು ಯಾಕೆ ಆಗಲಿಲ್ಲ ಅಂತ ಈಗ ತಿಳಿಯಿತಲ್ಲ? ಅವಳು ಸೋಗು ಹಾಕಿದ್ದಲ್ಲ.

ಹಾಗಂತ ಇದು ಯಾರೋ ನಾಲ್ಕು ಜನ ಹೇಳಿದ ಮಾತಲ್ಲ. ಜಗತ್ತಿನ ವೈದ್ಯಕೀಯ ಅಧ್ಯಯನಗಳನ್ನು ಜರಡಿ ಹಿಡಿದು ನೋಡುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ಹೃದಯರೋಗಿಗಳ ವ್ಯಾಯಾಮ ಚಿಕಿತ್ಸೆಯ ಬಗ್ಗೆ ಅದು 2021ರಲ್ಲಿ 85 ಅಧ್ಯಯನ, 23 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಒಟ್ಟು ಮಾಡಿ ನೋಡಿತು. ಪುನಶ್ಚೇತನ ಪಡೆದವರಲ್ಲಿ ಮತ್ತೆ ಹಾರ್ಟ್ ಅಟ್ಯಾಕ್ ಆಗುವುದು, ಮತ್ತೆ ಆಸ್ಪತ್ರೆ ಸೇರುವುದು, ಹೃದಯದ ಕಾರಣಕ್ಕೆ ಸಾಯುವುದು ಎಲ್ಲವೂ ಕಡಿಮೆ. ದಮ್ಮಿನ ಕಾಯಿಲೆ ಸಿಒಪಿಡಿ ಬಗ್ಗೆ 2015ರಲ್ಲಿ 65 ಅಧ್ಯಯನ ನೋಡಿದ ಮೇಲೆ, ಇದು ಉಪಯೋಗವೋ ಅಲ್ಲವೋ ಅಂತ ಇನ್ನು ಪರೀಕ್ಷೆ ಮಾಡುವ ಅಗತ್ಯವೇ ಇಲ್ಲ ಅನ್ನುವ ಮಟ್ಟಕ್ಕೆ ಬಂದರು.

ನಮ್ಮ ದೇಶದಲ್ಲೂ ಕೆಲಸ ಆಗಿದೆ. 24 ಆಸ್ಪತ್ರೆಗಳಲ್ಲಿ 3,959 ಹಾರ್ಟ್ ಅಟ್ಯಾಕ್ ರೋಗಿಗಳ ಮೇಲೆ ಯೋಗ ಆಧಾರಿತ ಪುನಶ್ಚೇತನದ ದೊಡ್ಡ ಪರೀಕ್ಷೆ ನಡೆದು 2020ರಲ್ಲಿ ಫಲಿತಾಂಶ ಬಂತು. ನೇರ ಹೇಳಬೇಕೆಂದರೆ, ಸಾವು ಮತ್ತು ಮರುಆಘಾತ ಖಚಿತವಾಗಿ ಇಳಿಯಿತು ಅಂತ ಅದರಲ್ಲಿ ಸಾಬೀತಾಗಲಿಲ್ಲ. ಆದರೆ ಯೋಗ ಮಾಡಿದವರು ತಮ್ಮ ಆರೋಗ್ಯ ಉತ್ತಮ ಅಂದರು, ಮೊದಲು ಮಾಡುತ್ತಿದ್ದ ಕೆಲಸಕ್ಕೆ ಹೆಚ್ಚು ಮರಳಿದರು. ದೋಣಿಯ ಪಾಲು ಬಿಟ್ಟುಕೊಟ್ಟ ಮನೆಗೆ ಇದು ಸಣ್ಣ ವಿಷಯವೇ?

ಹೋರಾಟ ಅರ್ಧ ದಾರಿಗೇ ನಿಂತಿದೆ

ಉತ್ತರ ಕನ್ನಡದವರು ಆಸ್ಪತ್ರೆಗಾಗಿ ಕೂಗಿದ್ದು ಇಂದು ನಿನ್ನೆಯಲ್ಲ. 2019ರ ಜೂನ್‌ನಲ್ಲಿ ಜಿಲ್ಲೆಯ ಹುಡುಗರು ಟ್ವಿಟರ್‌ನಲ್ಲಿ ಅಭಿಯಾನ ಮಾಡಿದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟ್‌ನಲ್ಲಿ ಮಗುಚಿ ನಾಲ್ವರು ಸತ್ತರು. ಆ ವಿಡಿಯೋ ನೋಡದವರು ಯಾರಿದ್ದಾರೆ? ಆಸ್ಪತ್ರೆ ಇಲ್ಲದಿದ್ದರೆ ಓಟೂ ಇಲ್ಲ ಅಂತ ಜನ ಬೀದಿಗಿಳಿದರು. 2024ರ ಜುಲೈ 16ರಂದು ನಮ್ಮದೇ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಜೀವಗಳ ಜೊತೆ ದಾರಿಯೂ ಹೋದರೆ ರೋಗಿಯ ಗತಿ ಏನು ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಈ ಹೋರಾಟದಲ್ಲಿ ನಾವೂ ಇದ್ದೇವೆ. ಬರೆದಿದ್ದೇವೆ, ಫೋಟೋ ಹಾಕಿದ್ದೇವೆ, ಘೋಷಣೆ ಕೂಗಿದ್ದೇವೆ. ತಪ್ಪು ನಮ್ಮದೂ ಇದೆ ಅಂತ ಒಪ್ಪಿಕೊಂಡೇ ಕೇಳುತ್ತೇವೆ: ನಾವು ಕೇಳಿದ್ದೇನು? ಸೂಪರ್ ಸ್ಪೆಷಾಲಿಟಿ ಕಟ್ಟಡ, ಕ್ಯಾಥ್ ಲ್ಯಾಬ್, ಐಸಿಯು, ಟ್ರಾಮಾ ಸೆಂಟರ್, ಆಂಬುಲೆನ್ಸ್. ಎಲ್ಲವೂ ಬೇಕು. ಆದರೆ ಇವೆಲ್ಲ ರೋಗಿ ಬಾಗಿಲು ದಾಟಿ ಒಳಗೆ ಹೋಗುವ ಲೆಕ್ಕ. ಹೊರಗೆ ಬಂದ ಮೇಲಿನ ಲೆಕ್ಕವನ್ನು ಒಬ್ಬರೂ ಕೇಳಲಿಲ್ಲ. ಆಸ್ಪತ್ರೆ ಕುಮಟಾದಲ್ಲೋ, ಕಾರವಾರದಲ್ಲೋ, ಶಿರಸಿಯಲ್ಲೋ ಅಂತ ಜಗಳ ಮಾಡಿದೆವು. ಆಸ್ಪತ್ರೆಯಿಂದ ಬಂದವನು ಆಮೇಲೆ ಎಲ್ಲಿಗೆ ಹೋಗಬೇಕು ಅಂತ ಕೇಳಲಿಲ್ಲ.

ಸರ್ಕಾರದ ಲೆಕ್ಕವೂ ಹಾಗೇ. ಅಪ್ಪು 2021ರ ಅಕ್ಟೋಬರ್ 29ರಂದು ಹೋದ ಮೇಲೆ ಹೃದಯದ ವಿಷಯ ರಾಜ್ಯದ ಮನೆಮನೆಯ ಮಾತಾಯಿತು. 2023ರಲ್ಲಿ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವ ಯೋಜನೆ. ಒಳ್ಳೆಯದು, ಇದಕ್ಕೆ ಚಪ್ಪಾಳೆ. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಸಮಿತಿ ಮಾಡಿದರು, ವರದಿ ಬಂತು, ಜನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲುಗಟ್ಟಿದರು. ಸತ್ತವರ ಲೆಕ್ಕ ಎಲ್ಲರೂ ಇಟ್ಟರು. ಬದುಕಿ ಮನೆಗೆ ಬಂದು ಮಂಚ ಹಿಡಿದವರ ಲೆಕ್ಕ ಯಾರು ಇಟ್ಟರು?

ಆಯುಷ್ಮಾನ್ ಕಾರ್ಡಿನ ನಿಯಮ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಸ್ಟೆಂಟ್, ಬೈಪಾಸ್ ಎಲ್ಲ ಪ್ಯಾಕೇಜಿನಲ್ಲಿವೆ. ಕೇಂದ್ರದ ಯೋಜನೆಯ ಪ್ರಕಾರ ಡಿಸ್ಚಾರ್ಜ್ ಆದ ಮೇಲಿನ ಖರ್ಚಿಗೆ 15 ದಿನ. ಹೃದಯ ಪುನಶ್ಚೇತನ ಸಾಮಾನ್ಯವಾಗಿ 12 ವಾರದ ಕೆಲಸ. ಶ್ವಾಸಕೋಶದ್ದು 6ರಿಂದ 12 ವಾರ. ಹದಿನಾರನೇ ದಿನದಿಂದ ರೋಗಿ ಯಾರ ಪಾಲು? ಲಕ್ಷ ರೂಪಾಯಿ ಖರ್ಚು ಮಾಡಿ ರಕ್ತನಾಳ ತೆರೆದು, ಅದನ್ನು ತೆರೆದೇ ಇಡುವ ಕೆಲಸಕ್ಕೆ ಹಣ ಇಲ್ಲ ಅನ್ನುವುದು ಗದ್ದೆ ಉತ್ತು ಬಿತ್ತಿ, ನೀರು ಬಿಡಲು ಮಾತ್ರ ನಮ್ಮಿಂದಾಗದು ಅಂದ ಹಾಗೆ.

ಭಾರತ ಸದಸ್ಯನಾಗಿರುವ ವಿಶ್ವ ಆರೋಗ್ಯ ಸಭೆಯೇ 2023ರ ಮೇನಲ್ಲಿ, ಪುನಶ್ಚೇತನ ಸೇವೆಯನ್ನು ಪ್ರಾಥಮಿಕ ಆರೋಗ್ಯದ ಹಂತದಿಂದಲೇ ಬಲಪಡಿಸಬೇಕು ಅಂತ ನಿರ್ಣಯ ಮಾಡಿದೆ. ಆ ನಿರ್ಣಯ ಜಿನೀವಾದಲ್ಲಿ ಆಯಿತು. ಅಂಕೋಲಾಕ್ಕೆ ಇನ್ನೂ ಬಸ್ಸು ಹತ್ತಿಲ್ಲ.

"ಮೊದಲು ಆಸ್ಪತ್ರೆ ಬರಲಿ, ಆಮೇಲೆ ಕಸರತ್ತು"

ಈ ಮಾತನ್ನು ನಮಗೆ ಹೇಳಿದವರು ಬಹಳ ಜನ. ಹೋರಾಟದ ಗೆಳೆಯರೇ ಹೇಳಿದ್ದಾರೆ. ಜನ ದಾರಿಯಲ್ಲಿ ಸಾಯುವಾಗ ನೀವು ವಾಕಿಂಗ್ ಬಗ್ಗೆ ಬರೆಯುತ್ತೀರಾ ಅಂತ.

ನಮ್ಮ ಉತ್ತರ: ದೊಡ್ಡ ಆಸ್ಪತ್ರೆಗೆ ಜಾಗ ಬೇಕು, ಕೋಟಿಗಟ್ಟಲೆ ಹಣ ಬೇಕು, ತಜ್ಞರು ಬೇಕು, ವರ್ಷಗಳು ಬೇಕು. ಪುನಶ್ಚೇತನಕ್ಕೆ ಏನು ಬೇಕು? 30 ಮೀಟರ್ ಉದ್ದದ ಒಂದು ಜಗಲಿ. ಗಟ್ಟಿ ಕುರ್ಚಿ. ಬಿಪಿ ಮಿಷನ್. ಬೆರಳಿಗೆ ಹಾಕುವ ಆಕ್ಸಿಮೀಟರ್, ಅದು ಕೊರೊನಾ ಕಾಲದಲ್ಲಿ ಕೊಂಡದ್ದು ಎಷ್ಟೋ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಒಬ್ಬ ತರಬೇತಾದ ಫಿಸಿಯೋಥೆರಪಿಸ್ಟ್, ಒಬ್ಬ ನರ್ಸ್, ಕರೆದರೆ ಬರುವಷ್ಟು ಹತ್ತಿರದಲ್ಲಿ ಒಬ್ಬ ಡಾಕ್ಟರ್, ತುರ್ತಿಗೆ ಬೇಕಾದ ಔಷಧ ಮತ್ತು ಸಲಕರಣೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಸಾಧ್ಯ. ದೊಡ್ಡ ಆಸ್ಪತ್ರೆ ಬರುವವರೆಗೆ ಕಾಯುವ ಕಾರಣವೇ ಇಲ್ಲ.

ಇನ್ನೊಂದು ಲೆಕ್ಕವೂ ಇದೆ. ಮತ್ತೆ ಅಟ್ಯಾಕ್ ಆದವನು ಮತ್ತೆ ಅದೇ ಹೆದ್ದಾರಿಯಲ್ಲೇ ಹೋಗಬೇಕು. ಅಂಕೋಲಾದಿಂದ ಹುಬ್ಬಳ್ಳಿಗೆ ಅರಬೈಲು ಘಟ್ಟ ಹತ್ತಿ ನೂರಮೂವತ್ತರ ಮೇಲೆ ಕಿಲೋಮೀಟರ್, ಮಣಿಪಾಲ ಅದಕ್ಕೂ ದೂರ, ಗೋವಾ ಇನ್ನೊಂದು ದಿಕ್ಕು. ಆಂಬುಲೆನ್ಸ್ ಹತ್ತುವವರ ಸಂಖ್ಯೆ ಇಳಿಸುವುದೂ ಆಂಬುಲೆನ್ಸ್ ಹೋರಾಟವೇ ಅಲ್ಲವೇ?

"ನಮ್ಮ ಜನ ದಿನವಿಡೀ ದುಡಿಯುತ್ತಾರೆ, ಅವರಿಗೆ ವ್ಯಾಯಾಮ ಪೇಟೆಯವರ ಶೋಕಿ" ಅನ್ನುವವರೂ ಇದ್ದಾರೆ. ದುಡಿಮೆ ಬೇರೆ, ಚಿಕಿತ್ಸೆ ಬೇರೆ. ಬಲೆ ಎಳೆಯುವಾಗ, ಗೊಬ್ಬರದ ಬುಟ್ಟಿ ಹೊರುವಾಗ ಉಸಿರು ಬಿಗಿಹಿಡಿದು ಒಮ್ಮೆಲೇ ಜೋರು ಹಾಕುತ್ತೇವೆ. ಆಗ ಬಿಪಿ ಸರ್ರನೆ ಏರುತ್ತದೆ. ಪುನಶ್ಚೇತನದಲ್ಲಿ ಮೆಲ್ಲಗೆ ಶುರುಮಾಡಿ, ಅಳೆದು, ಏರಿಸಿ, ಮೆಲ್ಲಗೆ ಇಳಿಸುತ್ತಾರೆ. ದುಡಿಯುವವನಿಗೆ ಇದು ಹೆಚ್ಚು ಬೇಕು. ಆಫೀಸಿನವನು ಸೊರಗಿದ ಕಾಲಿನಲ್ಲೂ ಕುರ್ಚಿಗೆ ಮರಳಬಹುದು. ದೋಣಿಯವನಿಗೆ ಕಾಲೇ ಬಂಡವಾಳ.

"ಕಸರತ್ತು ಮಾಡುವಾಗಲೇ ಏನಾದರೂ ಆದರೆ?" ಇದು ನಿಜವಾದ ಹೆದರಿಕೆ, ಇದನ್ನು ನಾವು ತಮಾಷೆ ಮಾಡುವುದಿಲ್ಲ. ಅದಕ್ಕೇ ಮೊದಲು ಪರೀಕ್ಷೆ ಮಾಡಿ, ಯಾರಿಗೆ ಎಷ್ಟು ಅಂತ ನಿಗದಿ ಮಾಡುವುದು. ಹೀಗೆ ಉಸ್ತುವಾರಿಯಲ್ಲಿ ಮಾಡಿದಾಗ ಅನಾಹುತ ತೀರಾ ಅಪರೂಪ ಅಂತ ದಶಕಗಳ ಅನುಭವ ಹೇಳುತ್ತದೆ. ಮಂಚದ ಮೇಲೆ ತಿಂಗಳುಗಟ್ಟಲೆ ಮಲಗುವುದೂ ಅಪಾಯವೇ. ಅದು ಸದ್ದು ಮಾಡುವುದಿಲ್ಲ, ಅಷ್ಟೇ.

ಪಾರ್ಶ್ವವಾಯು ವಿಷಯದಲ್ಲಿ ನಮಗೆ ಈ ತಿಳಿವಳಿಕೆ ಇದೆ. ಬೆಳಂಬಾರದ ನಾಟಿ ಔಷಧಕ್ಕೆ ಎಲ್ಲೆಲ್ಲಿಂದಲೋ ಜನ ಬರುವುದನ್ನು ನೋಡಿ ಬೆಳೆದವರು ನಾವು. ಕೈಕಾಲು ಬಿದ್ದವರನ್ನು ದಿನವೂ ಎಬ್ಬಿಸಿ, ಹಿಡಿದು ನಡೆಸಬೇಕು ಅಂತ ಅಜ್ಜಿಯರಿಗೂ ಗೊತ್ತು. ಕಾಲು ಕಣ್ಣಿಗೆ ಕಾಣುತ್ತದೆ, ಹೃದಯ ಕಾಣುವುದಿಲ್ಲ. ಅದಕ್ಕೇ ಅದನ್ನು ಗಾಜಿನ ಸಾಮಾನಿನಂತೆ ಕಟ್ಟಿಡುತ್ತೇವೆ.

ಹಾಗಾದರೆ ಪುನಶ್ಚೇತನದಲ್ಲಿ ಮಾಡುವುದೇನು?

ಮಂತ್ರ ಮಾಟ ಏನಿಲ್ಲ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೀರಿ ಅಂತ ಜಗಲಿಯಲ್ಲಿ ಅಳೆಯುತ್ತಾರೆ. ನಾಡಿ, ಬಿಪಿ, ಆಕ್ಸಿಜನ್ ನೋಡುತ್ತಾರೆ. ಅದರ ಮೇಲೆ ನಿಮ್ಮ ವೇಗ ನಿಗದಿ. ವಾರಕ್ಕೆ ಎರಡು ಮೂರು ದಿನ ಎದುರಿಗೆ ಅಭ್ಯಾಸ, ಉಳಿದ ದಿನ ಮನೆಯಲ್ಲಿ. ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ಕೈಗೆ ಸಣ್ಣ ಭಾರ. ಶ್ವಾಸಕೋಶದವರಿಗೆ ತುಟಿ ಚೂಪು ಮಾಡಿ ನಿಧಾನ ಉಸಿರು ಬಿಡುವ ಅಭ್ಯಾಸ, ಕಫ ತೆಗೆಯುವ ಕ್ರಮ, ಪಂಪ್ ಎಳೆಯುವ ಸರಿಯಾದ ರೀತಿ. ಜೊತೆಗೆ ಬೀಡಿ-ಸಿಗರೇಟು-ಗುಟ್ಕಾ ಬಿಡಿಸುವುದು, ಊಟ ತಿದ್ದುವುದು, ಯಾವ ಮಾತ್ರೆ ಯಾಕೆ ಅಂತ ಕನ್ನಡದಲ್ಲಿ ಹೇಳುವುದು. ಎಲ್ಲಕ್ಕಿಂತ ಮುಖ್ಯ, ಹೆದರಿಕೆ ಬಿಡಿಸುವುದು.

ಊಟದ ವಿಷಯಕ್ಕೆ ಒಂದು ಮಾತು. 1930ರಲ್ಲಿ ಉಪ್ಪಿಗಾಗಿ ಬ್ರಿಟಿಷರನ್ನೇ ಎದುರು ಹಾಕಿಕೊಂಡ ಊರು ಅಂಕೋಲಾ. ಆ ಉಪ್ಪು ನಮ್ಮ ಹೆಮ್ಮೆ. ಆದರೆ ಹೃದಯ ಸೋತವನ ಗಂಜಿಗೆ ಒಣಮೀನು, ಉಪ್ಪಿನಕಾಯಿ ದಿನಾ ಬಿದ್ದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಹಸಿ ಮೀನಿನ ಸಾರು ಬಿಡಬೇಕಾಗಿಲ್ಲ, ಉಪ್ಪು ಇಳಿಸಬೇಕು. ಇದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವವರು ಬೇಕು. ಪೇಟೆಯ ಡಯಟ್ ಚಾರ್ಟಿನ ಓಟ್ಸ್, ಆಪಲ್ ಕೇಣಿಯ ಮನೆಗೆ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಬೇಡಿಕೆ ಐದು

ಒಂದು, ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನ ಹೃದಯ-ಶ್ವಾಸಕೋಶ ಪುನಶ್ಚೇತನದ ಒಪಿಡಿ. ಅಂಕೋಲಾದಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರ್. ಅಚವೆಯವರಿಗೆ, ಹಿಲ್ಲೂರಿನವರಿಗೆ ಇನ್ನೂ ದೂರ. ದಮ್ಮು ಹತ್ತುವ ರೋಗಿಗೆ ವಾರಕ್ಕೆ ಎರಡು ಸಲ ಕಾರವಾರಕ್ಕೆ ಬಾ ಅನ್ನುವುದೂ ಬರಬೇಡ ಅನ್ನುವುದೂ ಒಂದೇ.

ಎರಡು, ಕಾರವಾರದ ಕ್ರಿಮ್ಸ್ ಇದಕ್ಕೆ ಮೂಲ ಕೇಂದ್ರ ಆಗಲಿ. ಮೆಡಿಕಲ್ ಕಾಲೇಜು ಇರುವ ಕಡೆ ತಾಲ್ಲೂಕಿನ ಫಿಸಿಯೋಥೆರಪಿಸ್ಟ್, ನರ್ಸ್, ಸಮುದಾಯ ಆರೋಗ್ಯಾಧಿಕಾರಿಗಳಿಗೆ ತರಬೇತಿ ಕೊಡಬಹುದು. ಹೃದಯ ಜ್ಯೋತಿಯಲ್ಲಿ ಇಸಿಜಿ ದೂರಕ್ಕೆ ಹೋಗಬಹುದಾದರೆ, ಸಲಹೆ ಫೋನಿನಲ್ಲಿ ಹಳ್ಳಿಗೆ ಬರಲಾರದೇ? ಕೇಂದ್ರಕ್ಕೆ ಬಂದು ಮಾಡುವಷ್ಟೇ ಉಪಯೋಗ ಸರಿಯಾದ ಮಾರ್ಗದರ್ಶನದಲ್ಲಿ ಮನೆಯಲ್ಲಿ ಮಾಡಿದರೂ ಸಿಗುತ್ತದೆ ಅಂತ ಅಧ್ಯಯನಗಳಿವೆ.

ಮೂರು, ಆಯುಷ್ಮಾನ್ ಪ್ಯಾಕೇಜಿಗೆ 12 ವಾರದ ಪುನಶ್ಚೇತನ ಸೇರಲಿ. ಸ್ಟೆಂಟಿನ ಹಣ ಆಸ್ಪತ್ರೆಗೆ ಕೊಡುವಾಗಲೇ ಕೇಳಿ: ಈ ರೋಗಿಯನ್ನು ಮುಂದೆ ಯಾರಿಗೆ ಒಪ್ಪಿಸಿದಿರಿ?

ನಾಲ್ಕು, ಡಿಸ್ಚಾರ್ಜ್ ಹಾಳೆ ಕನ್ನಡದಲ್ಲಿ. ಎಷ್ಟು ನಡೆಯಬೇಕು, ಎಷ್ಟು ಭಾರ, ಯಾವಾಗ ಕೆಲಸ, ಯಾವಾಗ ಗಾಡಿ ಓಡಿಸಬಹುದು, ಗಂಡಹೆಂಡತಿ ಯಾವಾಗ ಸೇರಬಹುದು, ಯಾವ ಲಕ್ಷಣ ಬಂದರೆ ಓಡಿಬರಬೇಕು. ಇದಕ್ಕೆ ಒಂದು ಹಾಳೆ ಸಾಕು. ಇದಕ್ಕೂ ಬಜೆಟ್ ಬೇಕೇ?

ಐದು, ಹೆಂಗಸರ ಲೆಕ್ಕ ಬೇರೆ ಇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಕ್ಕಂದಿರಿಗೆ ಬಸ್ಸು ಪುಕ್ಕಟೆ. ಹೋಗಲು ಬಸ್ಸು ಇದೆ, ಹೋಗಬೇಕಾದ ಜಾಗ ಇಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಐಸಿಯುನಿಂದ ಬಂದ ಹೆಂಗಸು ಒಲೆಯ ಮುಂದೆ ಕೂತಿದ್ದಾಳಾ ಅಂತ ನೋಡಲಿ, ಬರೆದುಕೊಳ್ಳಲಿ. ಆ ಕೆಲಸಕ್ಕೆ ಅವರಿಗೆ ಹಣವನ್ನೂ ಕೊಡಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು

ಸರ್ಕಾರ ಕೊಡುವವರೆಗೆ ಸುಮ್ಮನೆ ಕೂರಬೇಡಿ. ಆದರೆ ಯಾರೋ ವಾಟ್ಸಪ್ಪಿನಲ್ಲಿ ಕಳಿಸಿದ ಕಸರತ್ತನ್ನೂ ಮಾಡಬೇಡಿ. ಡಿಸ್ಚಾರ್ಜ್ ಆಗುವಾಗ ಡಾಕ್ಟರರನ್ನು ಬಿಡದೆ ಕೇಳಿ: "ಇವರು ದಿನಕ್ಕೆ ಎಷ್ಟು ನಿಮಿಷ ನಡೀಬಹುದು? ಯಾವಾಗಿಂದ? ಬರೆದು ಕೊಡಿ." ಇದು ನಿಮ್ಮ ಹಕ್ಕು. ಮುಜುಗರ ಬೇಡ.

ಅವರು ನಡೆಯಿರಿ ಅಂದಿದ್ದರೆ ಐದು ನಿಮಿಷದಿಂದ ಶುರು. ಮಳೆಗಾಲದಲ್ಲಿ ಜಗಲಿಯಲ್ಲೇ ಆಚೆಯಿಂದ ಈಚೆ. ಹೆದ್ದಾರಿ ಅಂಚು ಬೇಡ. ಪೇಟೆಯವರಿಗೆ ಜೈಹಿಂದ್ ಮೈದಾನ ಇದೆ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅದೇ ಸರಿಯಾದ ವೇಗ. ಒಂದು ಶಬ್ದ ಹೇಳಲೂ ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಊಟ ಮಾಡಿದ ಕೂಡಲೇ ಬೇಡ, ಸುಡುಬಿಸಿಲಿನಲ್ಲಿ ಬೇಡ. ದಿನಾ ಎಷ್ಟು ನಡೆದಿರಿ ಅಂತ ಕ್ಯಾಲೆಂಡರಿನ ಮೇಲೆ ಬರೆಯಿರಿ, ಮುಂದಿನ ಸಲ ಡಾಕ್ಟರರಿಗೆ ತೋರಿಸಿ.

ಎದೆ ನೋವು, ತಲೆ ಸುತ್ತು, ತಣ್ಣನೆ ಬೆವರು, ಎದೆ ಅಡ್ಡಾದಿಡ್ಡಿ ಹೊಡೆದುಕೊಳ್ಳುವುದು, ಕೂತರೂ ಇಳಿಯದ ಏದುಸಿರು, ಇವುಗಳಲ್ಲಿ ಯಾವುದು ಬಂದರೂ ನಿಲ್ಲಿಸಿ, ಕೂರಿ. ಕಮ್ಮಿಯಾಗದಿದ್ದರೆ 108. ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ ಡಾಕ್ಟರರಿಗೆ ಹೇಳದೆ ಮುಂದುವರಿಸಬೇಡಿ. ಎರಡು ಮೂರು ದಿನದಲ್ಲಿ ತೂಕ ಒಮ್ಮೆಲೇ ಏರಿ ಕಾಲು ಊದಿದರೆ ಕಾಯಬೇಡಿ. ಬೈಪಾಸ್ ಆದವರ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಕೊಡ, ಮೀನಿನ ಬುಟ್ಟಿ, ಮೊಮ್ಮಗು ಯಾವುದನ್ನೂ ಎತ್ತಬಾರದು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆಯನ್ನು ಯಾರ ಮಾತು ಕೇಳಿಯೂ ತಾವಾಗಿ ಬಿಡಬಾರದು.

ಮನೆಯವರಿಗೆ ಒಂದು ಮಾತು. "ಏಳಬೇಡ" ಅನ್ನುವುದು ಪ್ರೀತಿಯಲ್ಲ, "ಬಾ, ಕೊಟ್ಟಿಗೆವರೆಗೆ ಇಬ್ಬರೂ ಹೋಗಿ ಬರುವ" ಅನ್ನುವುದು ಪ್ರೀತಿ. ಹೆಂಗಸು ಐಸಿಯುನಿಂದ ಬಂದಿದ್ದರೆ ಕೊಡ ನೀವು ಎತ್ತಿ, ಒಲೆ ನೀವು ಹಚ್ಚಿ, ನಡಿಗೆ ಅವಳಿಗೆ ಬಿಡಿ.

ಬಡಗೇರಿಯ ಸುಕ್ರಿ ಬೊಮ್ಮಗೌಡರು ಇದೇ ತಾಲ್ಲೂಕಿನಲ್ಲಿ ಹಾಡಿನ ಜೊತೆಗೆ ಸಾರಾಯಿ ವಿರುದ್ಧವೂ ನಿಂತವರು. ಅವರ ಕೈಯಲ್ಲಿ ಕಚೇರಿ ಇರಲಿಲ್ಲ, ಹಣ ಇರಲಿಲ್ಲ. ಮನೆಮನೆಯ ಹೆಂಗಸರು ಜೊತೆಗಿದ್ದರು. ಮನೆಯ ಒಳಗಿನ ಸಂಕಟವನ್ನು ಬೀದಿಯ ಪ್ರಶ್ನೆ ಮಾಡಬಹುದು ಅಂತ ತೋರಿಸಿದರು. ಮಂಚ ಹಿಡಿದ ಗಂಡ, ದಮ್ಮು ಹತ್ತುವ ಅಕ್ಕ, ಇದೂ ಮನೆಯ ಒಳಗೇ ಮುಚ್ಚಿಹೋಗುವ ಸಂಕಟ.

ಮುಂದಿನ ಗ್ರಾಮಸಭೆಗೆ ಹೋಗುತ್ತೀರಲ್ಲ, ರಸ್ತೆ, ಚರಂಡಿ, ದೀಪದ ಜೊತೆ ಒಂದು ಪ್ರಶ್ನೆ ಸೇರಿಸಿ: "ನಮ್ಮೂರಿನಲ್ಲಿ ಈ ವರ್ಷ ಹಾರ್ಟಿನ ಕೇಸು, ಐಸಿಯು ಕೇಸು ಆಗಿ ಮನೆಗೆ ಬಂದವರು ಎಷ್ಟು ಜನ? ಅವರನ್ನು ಯಾರು ನೋಡಿದರು?" ಉತ್ತರ ಬರುವುದಿಲ್ಲ, ನಮಗೆ ಗೊತ್ತು. ಉತ್ತರ ಇಲ್ಲ ಅಂತ ಸಭೆಯ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಹೋರಾಟಕ್ಕೆ ಮೊದಲ ಕಾಗದ ಅದೇ.

ಕೇಣಿಯ ದೊಡ್ಡಪ್ಪ ಈಗ ಬೆಳಿಗ್ಗೆ ಎದ್ದು ಜಗಲಿಯಲ್ಲಿ ನಡೆಯುತ್ತಾರೆ. ತಡವಾಗಿ ಶುರುಮಾಡಿದ್ದು. ಮೊನ್ನೆ ದಂಡೆಯವರೆಗೆ ಹೋಗಿ ಬಂದರಂತೆ. ದೋಣಿ ಹತ್ತಲಿಲ್ಲ, ನೋಡಿ ಬಂದರು. ಅವರ ಪಾಲು ಈಗ ಬೇರೆಯವರದ್ದು. ಮೊದಲ ವಾರದಲ್ಲೇ ಯಾರಾದರೂ ಎಬ್ಬಿಸಿ ನಡೆಸಿದ್ದರೆ ಅದು ಅವರದೇ ಆಗಿರುತ್ತಿತ್ತೋ ಏನೋ.

ಜೀವ ಉಳಿಸಿದಿರಿ, ಉಪಕಾರ. ಇನ್ನು ಬದುಕನ್ನೂ ಹಿಂದೆ ಕೊಡಿ.